ಎಚ್ ಆಂಡ್ ಇ ಸ್ಲೈಡ್‌ನಲ್ಲಿ ಲಿಂಫೋಸೈಟ್ ಹುಡುಕುವ ಯು-ನೆಟ್: ಕಟ್ಟುವ ಬಗೆ, ಕೆಡುವ ಜಾಗಗಳು

ಸ್ತನ ಕ್ಯಾನ್ಸರ್‌ನ ಎಚ್ ಆಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಎಂಬ ಬಣ್ಣಗಳನ್ನು ಹಾಕಿದ) ಸ್ಲೈಡ್ ನೋಡಿದವರಿಗೆ ಗೊತ್ತು: ಗೆಡ್ಡೆಯ ಗುಂಪುಗಳ ನಡುವಿನ ಗುಲಾಬಿ ಸ್ಟ್ರೋಮಾದಲ್ಲಿ (ಆಸರೆಯ ಅಂಗಾಂಶದಲ್ಲಿ) ಸಣ್ಣ, ದುಂಡನೆಯ, ಕಡುನೀಲಿ ಚುಕ್ಕಿಗಳು ಚೆಲ್ಲಿರುತ್ತವೆ. ಅವು ಲಿಂಫೋಸೈಟ್‌ಗಳು, ಅಂದರೆ ದೇಹದ ರೋಗನಿರೋಧಕ ಕೋಶಗಳು. ಅವುಗಳ ಜೊತೆ ನ್ಯೂಕ್ಲಿಯಸ್ ಒಂದು ಬದಿಗೆ ಸರಿದ, ಸ್ವಲ್ಪ ದೊಡ್ಡ ಪ್ಲಾಸ್ಮಾ ಕೋಶಗಳೂ ಇರುತ್ತವೆ. ಟ್ರಿಪಲ್ ನೆಗೆಟಿವ್ ಮತ್ತು ಹರ್2 ಪಾಸಿಟಿವ್ ಬಗೆಯ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಕೋಶಗಳು ಎಷ್ಟಿವೆ ಎಂಬುದಕ್ಕೂ ರೋಗದ ಮುಂದಿನ ಗತಿಗೂ ನಂಟಿದೆ. ಪೆಥಾಲಜಿಸ್ಟರು (ಅಂಗಾಂಶ ನೋಡಿ ರೋಗ ಗುರುತಿಸುವ ವೈದ್ಯರು) ಅದನ್ನು ಕಣ್ಣಂದಾಜಿನಲ್ಲಿ ಶೇಕಡಾ ಇಷ್ಟು ಎಂದು ಬರೆಯುತ್ತಾರೆ. ಯು-ನೆಟ್ ಎಂಬ ನ್ಯೂರಲ್ ನೆಟ್‌ವರ್ಕ್ ಮಾಡೆಲ್ ಬಳಸಿ ಇಲ್ಲಿ ಕಟ್ಟುವುದು ಅದರ ಹಿಂದಿನ ಒಂದು ಹೆಜ್ಜೆಯನ್ನು: ಸ್ಲೈಡ್‌ನ ಪ್ರತಿಯೊಂದು ಲಿಂಫೋಸೈಟ್ ಮತ್ತು ಪ್ಲಾಸ್ಮಾ ಕೋಶಕ್ಕೆ ಒಂದು ಕೇಂದ್ರಬಿಂದು, ಒಂದು ವಿಶ್ವಾಸದ ಅಂಕ.

ಯಾವ ಮಾಡೆಲ್ ಬಳಸಬೇಕು ಎಂಬ ಪ್ರಶ್ನೆಗೆ ಸಿಗುವಷ್ಟು ಗಮನ ಮೈಕ್ರಾನ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಇಂಥ ಪ್ರಾಜೆಕ್ಟ್ ಕೆಡುವುದು ಹೆಚ್ಚಾಗಿ ಅಲ್ಲೇ. ಚಿತ್ರ ಯಾವ ಅಳತೆಯಲ್ಲಿ ಓದಿದೆ, ಬಿಂದು ಎಲ್ಲಿ ಕೂತಿದೆ, ಎಷ್ಟು ದೂರದೊಳಗೆ ಬಿದ್ದರೆ ಸರಿ ಎನ್ನಬೇಕು, ತಪ್ಪು ಪತ್ತೆಯನ್ನು ಯಾವ ವಿಸ್ತೀರ್ಣಕ್ಕೆ ಭಾಗಿಸಬೇಕು: ಇವೆಲ್ಲ ಪಿಕ್ಸೆಲ್‌ನಲ್ಲಲ್ಲ, ಮೈಕ್ರಾನ್‌ನಲ್ಲಿ ನಿಲ್ಲಬೇಕಾದ ಸಂಗತಿಗಳು.

ಡೇಟಾ

ಸ್ತನ ಕ್ಯಾನ್ಸರ್ ಸ್ಲೈಡ್‌ನಲ್ಲಿ ಈ ಕೋಶಗಳನ್ನು ಪತ್ತೆ ಮಾಡುವ ಸ್ಪರ್ಧೆಯಾದ 2022ರ ಟೈಗರ್ ಚಾಲೆಂಜ್‌ನ ತರಬೇತಿ ಡೇಟಾ ಇದಕ್ಕೆ ಒಳ್ಳೆಯ ಆರಂಭ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವೈದ್ಯಕೀಯ ಕೇಂದ್ರ, ಬ್ರಸೆಲ್ಸ್‌ನ ಜೂಲ್ ಬೋರ್ಡೆ ಸಂಸ್ಥೆ ಮತ್ತು ಅಮೆರಿಕದ ಟಿಸಿಜಿಎ (ಕ್ಯಾನ್ಸರ್ ಜೀನೋಮ್ ಅಟ್ಲಾಸ್) ಸಂಗ್ರಹ, ಈ ಮೂರು ಮೂಲಗಳ ಸ್ಲೈಡ್‌ಗಳು ಅದರಲ್ಲಿವೆ. ನಮಗೆ ಬೇಕಾದದ್ದು 195 ಸ್ಲೈಡ್‌ಗಳ ಭಾಗ: 151 ಟಿಸಿಜಿಎ, 26 ರಾಡ್‌ಬೌಡ್, 18 ಜೂಲ್ ಬೋರ್ಡೆ. ಇವುಗಳಿಂದ ಕತ್ತರಿಸಿದ ತುಣುಕುಗಳು ಪಿಕ್ಸೆಲ್‌ಗೆ 0.5 ಮೈಕ್ರಾನ್ ಅಳತೆಯಲ್ಲಿ ಪಿಎನ್‌ಜಿ ಫೈಲ್‌ಗಳಾಗಿ ಸಿಗುತ್ತವೆ. ಕೋಶಗಳ ಗುರುತು ಕೊಕೊ ಎಂಬ, ಚಿತ್ರದ ಗುರುತುಗಳನ್ನು ಬರೆದಿಡುವ ಮಾದರಿಯ ಒಂದೇ ಜೇಸನ್ ಫೈಲ್‌ನಲ್ಲಿದೆ. ಅಮೆಜಾನ್‌ನ ಓಪನ್ ಡೇಟಾ ಸಂಗ್ರಹದಲ್ಲಿ ಇರುವುದರಿಂದ ಖಾತೆಯಿಲ್ಲದೆಯೇ ಇಳಿಸಿಕೊಳ್ಳಬಹುದು. ಲೈಸೆನ್ಸ್ ವಾಣಿಜ್ಯ ಬಳಕೆಗೆ ಅವಕಾಶ ಕೊಡುವುದಿಲ್ಲ ಎಂಬುದನ್ನು ಶುರುವಿನಲ್ಲೇ ನೆನಪಿಟ್ಟುಕೊಳ್ಳಿ.

ಗುರುತುಗಳೆಲ್ಲ 16×16 ಪಿಕ್ಸೆಲ್ ಪೆಟ್ಟಿಗೆಗಳು, ಅಂದರೆ 8×8 ಮೈಕ್ರಾನ್. ಇದು ಕೋಶದ ನಿಜವಾದ ಅಂಚಲ್ಲ. ಬಿಂದುವಿನ ಸುತ್ತ ಹಾಕಿದ ಸಮಾನ ಗಾತ್ರದ ಚೌಕ. ಹಾಗಾಗಿ ಪೆಟ್ಟಿಗೆಯ ಅಗಲ-ಎತ್ತರದಲ್ಲಿ ಕಲಿಯುವಂಥದ್ದೇನೂ ಇಲ್ಲ, ಕೇಂದ್ರ ಮಾತ್ರ ಮಾಹಿತಿ. ಕೊಕೊದಲ್ಲಿ ಪೆಟ್ಟಿಗೆಯನ್ನು ಎಡ-ಮೇಲಿನ ಮೂಲೆ, ಅಗಲ, ಎತ್ತರ ಎಂದು ಬರೆಯುತ್ತಾರೆ; ಮೂಲೆಗೆ 8 ಕೂಡಿಸಿದರೆ ಕೇಂದ್ರ. ಕೊನೆಯ ಎರಡು ಸಂಖ್ಯೆಗಳನ್ನು ಕೆಳ-ಬಲ ಮೂಲೆ ಎಂದು ಓದಿದರೆ ಬಿಂದುಗಳು ಎಲ್ಲೆಲ್ಲೋ ಹೋಗುತ್ತವೆ, ಆದರೂ ಕೋಡ್ ಎರರ್ ಕೊಡುವುದಿಲ್ಲ. ಆದ್ದರಿಂದ ತರಬೇತಿಗೆ ಮುಂಚೆ 20 ತುಣುಕುಗಳನ್ನು ಮನಬಂದಂತೆ ಆರಿಸಿ, ಮೇಲೆ ಬಿಂದುಗಳನ್ನು ಬಿಡಿಸಿ, ಒಂದೊಂದನ್ನೂ ದೊಡ್ಡದು ಮಾಡಿ ನೋಡಿ. ಬಿಂದು ನ್ಯೂಕ್ಲಿಯಸ್‌ನ ನಡುವೆ ಕೂರಬೇಕು. ಎಲ್ಲ ಬಿಂದುಗಳೂ ಒಂದೇ ದಿಕ್ಕಿಗೆ ಜರುಗಿದ್ದರೆ ಲೆಕ್ಕದಲ್ಲಿ ತಪ್ಪಿದೆ.

ಇದೇ ಹೊತ್ತಿನಲ್ಲಿ ಬಣ್ಣವನ್ನೂ ನೋಡಿ. ಓಪನ್‌ಸಿವಿ ಲೈಬ್ರರಿ ಚಿತ್ರವನ್ನು ನೀಲಿ-ಹಸಿರು-ಕೆಂಪು ಕ್ರಮದಲ್ಲಿ ಓದುತ್ತದೆ. ತಿರುಗಿಸದೆ ಬಿಟ್ಟರೆ ಗುಲಾಬಿ ಸ್ಟ್ರೋಮಾ ನೇರಳೆಗೆ ತಿರುಗುತ್ತದೆ. ತರಬೇತಿ ಒಂದು ಕ್ರಮದಲ್ಲಿ, ಬಳಕೆ ಇನ್ನೊಂದು ಕ್ರಮದಲ್ಲಿ ನಡೆದರೆ ಫಲಿತಾಂಶ ಪೂರ್ತಿ ಸಾಯುವುದಿಲ್ಲ. ಅರೆಬರೆ ಕೆಲಸ ಮಾಡುತ್ತದೆ. ಪತ್ತೆಯಾಗದೆ ವಾರಗಟ್ಟಲೆ ಉಳಿಯುವುದು ಇಂಥ ದೋಷವೇ.

ಒಂದೂ ಕೋಶವಿಲ್ಲದ ತುಣುಕುಗಳನ್ನು ಎಸೆಯಬೇಡಿ. ಕೊಕೊ ಓದುವ ಹಲವು ಸಿದ್ಧ ಕೋಡ್‌ಗಳು ಗುರುತಿಲ್ಲದ ಚಿತ್ರಗಳನ್ನು ಸದ್ದಿಲ್ಲದೆ ಕೈಬಿಡುತ್ತವೆ. ಸತ್ತ ಅಂಗಾಂಶ, ಕೊಬ್ಬು, ಗೆಡ್ಡೆಯೇ ತುಂಬಿದ ಭಾಗ ಇವೆಲ್ಲ ಮಾಡೆಲ್‌ಗೆ ಕಾಣಲೇಬೇಕು, ಇಲ್ಲದಿದ್ದರೆ ಬಳಕೆಯಲ್ಲಿ ತಪ್ಪು ಪತ್ತೆ ಹೆಚ್ಚುವುದು ಅಲ್ಲೇ. ಜೇಸನ್‌ನಲ್ಲಿರುವ ಚಿತ್ರಗಳ ಸಂಖ್ಯೆಯನ್ನೂ ಲೋಡರ್ ಕೊಡುವ ಸಂಖ್ಯೆಯನ್ನೂ ಹೋಲಿಸಿ ನೋಡಿದರೆ ಗೊತ್ತಾಗುತ್ತದೆ.

ವಿಂಗಡಣೆ ಯಾವಾಗಲೂ ರೋಗಿಯ ಮಟ್ಟದಲ್ಲಿ. ಒಂದೇ ಸ್ಲೈಡ್‌ನ ಎರಡು ತುಣುಕುಗಳು ತರಬೇತಿಗೊಂದು, ಪರೀಕ್ಷೆಗೊಂದು ಹೋದರೆ ಅಂಕ ಸುಳ್ಳು ಹೇಳುತ್ತದೆ. ಟಿಸಿಜಿಎ ಹೆಸರಿನ ಮೊದಲ 12 ಅಕ್ಷರಗಳು ರೋಗಿಯ ಗುರುತು. 6 ಮತ್ತು 7ನೇ ಅಕ್ಷರಗಳು ಮಾದರಿ ಯಾವ ಆಸ್ಪತ್ರೆಯಿಂದ ಬಂತು ಎಂಬ ಸಂಕೇತ. ಸಾಧ್ಯವಿದ್ದರೆ ಒಂದು ಇಡೀ ಕೇಂದ್ರವನ್ನೇ ಪರೀಕ್ಷೆಗೆ ಮೀಸಲಿಡಿ. ಜೂಲ್ ಬೋರ್ಡೆಯ 18 ಸ್ಲೈಡ್‌ಗಳನ್ನು ತರಬೇತಿಯಿಂದ ಹೊರಗಿಟ್ಟು ಅಳೆದ ಅಂಕವೇ, ಹೊಸ ಲ್ಯಾಬ್‌ನ ಸ್ಲೈಡ್ ಬಂದಾಗ ಏನಾಗುತ್ತದೆ ಎಂಬುದಕ್ಕೆ ಹತ್ತಿರದ ಉತ್ತರ.

ಅಳತೆ

ಸಣ್ಣ ಲಿಂಫೋಸೈಟ್‌ನ ನ್ಯೂಕ್ಲಿಯಸ್ ಹೆಚ್ಚುಕಡಿಮೆ ಒಂದು ಕೆಂಪು ರಕ್ತಕಣದಷ್ಟು, ಸುಮಾರು 7 ಮೈಕ್ರಾನ್. ಪಿಕ್ಸೆಲ್‌ಗೆ 0.5 ಮೈಕ್ರಾನ್ ಇದ್ದಾಗ ಅದು 14 ಪಿಕ್ಸೆಲ್. 40 ಪಟ್ಟು ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಪಿಕ್ಸೆಲ್‌ಗೆ 0.25 ಮೈಕ್ರಾನ್, ಅಲ್ಲಿ ಅದೇ ನ್ಯೂಕ್ಲಿಯಸ್ 28 ಪಿಕ್ಸೆಲ್. 0.5ರಲ್ಲಿ ಕಲಿತ ಮಾಡೆಲ್‌ಗೆ 0.25ರ ಚಿತ್ರ ಹಾಗೇ ಕೊಟ್ಟರೆ ಅದಕ್ಕೆ ಕಾಣುವುದು 14 ಮೈಕ್ರಾನ್ ಅಗಲದ ನ್ಯೂಕ್ಲಿಯಸ್, ಅಂದರೆ ಗೆಡ್ಡೆಯ ಕೋಶ. ಹಾಗಾಗಿ ಲಿಂಫೋಸೈಟ್ ಕೈತಪ್ಪುತ್ತದೆ. ಇನ್ನೊಂದು ಕಡೆ, ಚೂರಾದ ನ್ಯೂಕ್ಲಿಯಸ್ ತುಣುಕುಗಳು ಲಿಂಫೋಸೈಟ್ ಗಾತ್ರಕ್ಕೆ ಹಿಗ್ಗಿ ತಪ್ಪು ಪತ್ತೆಗಳಾಗುತ್ತವೆ. ಸ್ಲೈಡ್‌ನ ಮಾಹಿತಿಯಲ್ಲಿ ಅಳತೆಯೇ ಇಲ್ಲದಿದ್ದರೆ ರಕ್ತನಾಳದೊಳಗಿನ ಕೆಂಪು ಕಣಗಳನ್ನು ಅಳೆದು ಅಂದಾಜು ಪರೀಕ್ಷಿಸಬಹುದು.

ಸ್ಲೈಡ್ ಫೈಲ್ ಓದುವ ಓಪನ್‌ಸ್ಲೈಡ್ ಲೈಬ್ರರಿ ಬಳಸುವಾಗ ಎಡವುವ ಇನ್ನೊಂದು ಜಾಗ ಇದೆ. ಆಪೆರಿಯೊ ಸ್ಕ್ಯಾನರ್‌ನ ಎಸ್‌ವಿಎಸ್ ಫೈಲ್‌ಗಳಲ್ಲಿ ಒಂದೇ ಚಿತ್ರ ಬೇರೆ ಬೇರೆ ಅಳತೆಯ ಹಂತಗಳಲ್ಲಿ ಇರುತ್ತದೆ; ಅವು ಸಾಮಾನ್ಯವಾಗಿ 1, 4, 16 ಪಟ್ಟು ಕುಗ್ಗಿರುತ್ತವೆ. 0.25 ಮೈಕ್ರಾನ್‌ನ ಸ್ಲೈಡ್‌ನಲ್ಲಿ ನಮಗೆ ಬೇಕಾದ 2 ಪಟ್ಟಿನ ಹಂತವೇ ಇರುವುದಿಲ್ಲ. 4 ಪಟ್ಟಿನ ಹಂತ ಓದಿ ಹಿಗ್ಗಿಸಿದರೆ ಕ್ರೋಮಾಟಿನ್‌ನ (ನ್ಯೂಕ್ಲಿಯಸ್ ಒಳಗಿನ ಡಿಎನ್‌ಎ ವಸ್ತುವಿನ) ವಿನ್ಯಾಸ ಅಳಿಸಿ, ಪ್ಲಾಸ್ಮಾ ಕೋಶವನ್ನು ಗುರುತಿಸಿಕೊಡುವ ಗಡಿಯಾರದ ಮುಖದಂಥ ಚುಕ್ಕಿಗಳು ಮಾಯವಾಗುತ್ತವೆ. 0ನೇ ಹಂತದಿಂದ ಎರಡರಷ್ಟು ದೊಡ್ಡ ತುಂಡು ಓದಿ, ವಿಸ್ತೀರ್ಣದ ಸರಾಸರಿ ತೆಗೆಯುವ ವಿಧಾನದಲ್ಲಿ ಅರ್ಧಕ್ಕೆ ಇಳಿಸಿ. ರೀಡ್-ರೀಜನ್ ಕರೆಗೆ ಕೊಡುವ ಮೂಲೆಯ ಬಿಂದು, ಯಾವ ಹಂತ ಓದಿದರೂ, 0ನೇ ಹಂತದ ಪಿಕ್ಸೆಲ್‌ನಲ್ಲೇ ಇರಬೇಕು. ಅಗಲ-ಎತ್ತರ ಮಾತ್ರ ಓದುವ ಹಂತದ್ದು. ಅದು ಹಿಂತಿರುಗಿಸುವ ಚಿತ್ರಕ್ಕೆ ಪಾರದರ್ಶಕತೆಯ ನಾಲ್ಕನೇ ಚಾನೆಲ್ ಇರುತ್ತದೆ. ಸ್ಕ್ಯಾನ್ ಆಗದ ಜಾಗವನ್ನು ಬಿಳಿ ಹಿನ್ನೆಲೆಯ ಮೇಲೆ ಅಂಟಿಸದೆ ನೇರ ಬದಲಿಸಿದರೆ ಆ ಜಾಗ ಕಪ್ಪಾಗುತ್ತದೆ, ಆ ಕಪ್ಪಿನ ಅಂಚಿನಲ್ಲಿ ಸಾಲಾಗಿ ಸುಳ್ಳು ಲಿಂಫೋಸೈಟ್‌ಗಳು ಹುಟ್ಟುತ್ತವೆ.

ಪೆಟ್ಟಿಗೆ ಬೇಡ, ಹೀಟ್‌ಮ್ಯಾಪ್ ಸಾಕು

ಮೊದಲು ಎಲ್ಲರ ಕೈ ಹೋಗುವುದು ವಸ್ತುವಿನ ಸುತ್ತ ಪೆಟ್ಟಿಗೆ ಹಾಕುವ ಫಾಸ್ಟರ್ ಆರ್‌ಸಿಎನ್‌ಎನ್ ಅಥವಾ ಯೋಲೋ ಮಾಡೆಲ್‌ಗಳ ಕಡೆಗೆ. ಕೆಲಸ ಆಗುತ್ತದೆ, ಆದರೆ ಸಿದ್ಧ ಸೆಟ್ಟಿಂಗ್‌ಗಳು ಈ ಕೆಲಸಕ್ಕೆ ಹೊಂದುವುದಿಲ್ಲ. ಟಾರ್ಚ್‌ವಿಷನ್ ಲೈಬ್ರರಿಯ ಫಾಸ್ಟರ್ ಆರ್‌ಸಿಎನ್‌ಎನ್ ತನ್ನೊಳಗೇ ಚಿತ್ರದ ಚಿಕ್ಕ ಬದಿಯನ್ನು 800 ಪಿಕ್ಸೆಲ್‌ಗೆ ತರುತ್ತದೆ. 256ರ ತುಣುಕಿನಲ್ಲಿ ತರಬೇತಿ ಕೊಟ್ಟರೆ 16 ಪಿಕ್ಸೆಲ್‌ನ ಕೋಶ 50 ಪಿಕ್ಸೆಲ್ ಆಗುತ್ತದೆ. ಬಳಕೆಯಲ್ಲಿ 1024ರ ಟೈಲ್ (ಸ್ಲೈಡ್‌ನ ಚೌಕ ತುಂಡು) ಕೊಟ್ಟರೆ ಅದೇ ಕೋಶ 12.5 ಪಿಕ್ಸೆಲ್‌ಗೆ ಇಳಿಯುತ್ತದೆ. ಹೊರಗಿನಿಂದ ಅಳತೆ ಸರಿಯಾಗಿದ್ದರೂ ಒಳಗೆ ನಾಲ್ಕು ಪಟ್ಟು ವ್ಯತ್ಯಾಸ. ಈ ಕುಗ್ಗಿಸು-ಹಿಗ್ಗಿಸುವಿಕೆಯನ್ನು ನಿಲ್ಲಿಸಿದರೆ ಇನ್ನೊಂದು ತೊಡಕು: ಅತಿ ಚಿಕ್ಕ ಆಂಕರ್ (ಹುಡುಕಾಟ ಶುರುವಾಗುವ ಸಿದ್ಧ ಪೆಟ್ಟಿಗೆ) 32 ಪಿಕ್ಸೆಲ್‌ನದು. ಅದರೊಳಗೆ ಪೂರ್ತಿ ಕೂತ 16ರ ಪೆಟ್ಟಿಗೆಯ ಅತಿಕ್ರಮಣ (ಎರಡು ಪೆಟ್ಟಿಗೆಗಳು ಒಟ್ಟು ಆವರಿಸಿದ ಜಾಗದಲ್ಲಿ ಎರಡಕ್ಕೂ ಸೇರಿದ ಪಾಲು) 256ನ್ನು 1024ರಿಂದ ಭಾಗಿಸಿದಷ್ಟು, ಬರೀ 0.25. ಜೊತೆಗೆ ಒಂದು ಚಿತ್ರಕ್ಕೆ 100 ಪತ್ತೆಗಳ ಮಿತಿ ಇದೆ. ಲಿಂಫೋಸೈಟ್‌ಗಳು ಕಿಕ್ಕಿರಿದ 1024ರ ಟೈಲ್‌ನಲ್ಲಿ ಅವು ನೂರನ್ನು ಎಷ್ಟೋ ಮೀರಿರುತ್ತವೆ, ಉಳಿದದ್ದು ಸುಮ್ಮನೆ ಕತ್ತರಿಸಿ ಹೋಗುತ್ತದೆ. ಹತ್ತಿರದ ಪೆಟ್ಟಿಗೆಗಳನ್ನು ಕಳೆಯುವ ಮಿತಿ 0.3 ಇಟ್ಟಿದ್ದರೆ, ಕೇಂದ್ರಗಳು 8 ಪಿಕ್ಸೆಲ್ ದೂರವಿರುವ ಎರಡು ಕೋಶಗಳ ಅತಿಕ್ರಮಣ 0.33 ಆಗಿ ಒಂದು ಕೋಶ ಅಳಿಸುತ್ತದೆ. 3–4 ಮೈಕ್ರಾನ್ ದಪ್ಪದ ಸೆಕ್ಷನ್‌ನಲ್ಲಿ ಕೋಶಗಳು ಒಂದರ ಮೇಲೊಂದು ಬರುವುದು ಸಾಮಾನ್ಯ.

ಎಲ್ಲವನ್ನೂ ತಿದ್ದಿಕೊಳ್ಳಬಹುದು. ಆದರೆ ಗುರುತಿನಲ್ಲಿ ಬಿಂದು ಮಾತ್ರ ಇರುವಾಗ ಬಿಂದುವನ್ನೇ ಕೇಳುವುದು ನೇರ. ಹಾಗಾಗಿ ರೆಸ್‌ನೆಟ್-34 ಎನ್‌ಕೋಡರ್ (ಚಿತ್ರದ ಲಕ್ಷಣಗಳನ್ನು ಹೆಕ್ಕುವ ಭಾಗ) ಇರುವ ಯು-ನೆಟ್, ಒಂದು ಚಾನೆಲ್ ಔಟ್‌ಪುಟ್ (ಎಲ್ಲೆಲ್ಲಿ ಕೋಶದ ಕೇಂದ್ರ ಇರಬಹುದು ಎಂದು ತೋರಿಸುವ ಹೀಟ್‌ಮ್ಯಾಪ್), ಇನ್‌ಪುಟ್‌ನಷ್ಟೇ ರೆಸಲ್ಯೂಷನ್. ಎನ್‌ಕೋಡರ್‌ಗೆ ಇಮೇಜ್‌ನೆಟ್ ಫೋಟೋ ಸಂಗ್ರಹದಲ್ಲಿ ಮೊದಲೇ ಕಲಿತ ತೂಕಗಳು. ಔಟ್‌ಪುಟ್ಟನ್ನು ನಾಲ್ಕರಲ್ಲಿ ಒಂದಕ್ಕೆ ಕುಗ್ಗಿಸಿ ಮೆಮೊರಿ ಉಳಿಸುವ ಆಸೆ ಬೇಡ: ಒಂದು ಔಟ್‌ಪುಟ್ ಪಿಕ್ಸೆಲ್ ಆಗ 2 ಮೈಕ್ರಾನ್, 4 ಮೈಕ್ರಾನ್ ದೂರದ ಎರಡು ಕೇಂದ್ರಗಳ ನಡುವೆ ಅವನ್ನು ಬೇರ್ಪಡಿಸುವ ಕಣಿವೆಗೆ ಉಳಿಯುವುದು ಒಂದೇ ಪಿಕ್ಸೆಲ್.

ಮಾಡೆಲ್ ಕಲಿಯಬೇಕಾದ ಗುರಿ ಚಿತ್ರದಲ್ಲಿ ಪ್ರತಿ ಕೇಂದ್ರಕ್ಕೂ ಒಂದು ಗಾಸಿಯನ್ (ಗಂಟೆಯಾಕಾರದ) ದಿಬ್ಬ, ತುದಿಯಲ್ಲಿ ನಿಖರವಾಗಿ 1. ದಿಬ್ಬದ ಅಗಲ ಹೇಳುವ ಸಿಗ್ಮಾ 3 ಪಿಕ್ಸೆಲ್, ಅಂದರೆ 1.5 ಮೈಕ್ರಾನ್. ಅಂಟಿಕೊಂಡ ಎರಡು ನ್ಯೂಕ್ಲಿಯಸ್‌ಗಳ ಕೇಂದ್ರಗಳು 12 ಪಿಕ್ಸೆಲ್ ದೂರವಿದ್ದರೆ ಮಧ್ಯದಲ್ಲಿ ಬೆಲೆ 0.135ಕ್ಕೆ ಇಳಿಯುತ್ತದೆ, ಕಣಿವೆ ಸ್ಪಷ್ಟ. ಸಿಗ್ಮಾ 6 ಇಟ್ಟರೆ ಅದೇ ಜಾಗದಲ್ಲಿ 0.61, ಎರಡು ದಿಬ್ಬಗಳು ಒಂದಾಗಿಬಿಡುತ್ತವೆ. ದಿಬ್ಬಗಳು ಒಂದರ ಮೇಲೊಂದು ಬಂದಲ್ಲಿ ಕೂಡಿಸಬೇಡಿ, ದೊಡ್ಡದನ್ನು ಇಟ್ಟುಕೊಳ್ಳಿ. ಕೂಡಿಸಿದರೆ ಬೆಲೆ 1 ದಾಟಿ ಕಣಿವೆ ತುಂಬುತ್ತದೆ.

ತುದಿ ಕಳೆದುಹೋಗುವ ದೋಷ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಲಾಸ್ (ಮಾಡೆಲ್‌ನ ತಪ್ಪಿನ ಅಳತೆ) ಇಳಿಯುತ್ತಲೇ ಇದ್ದು ಮಾಡೆಲ್ ಏನನ್ನೂ ಪತ್ತೆ ಮಾಡದ ಸ್ಥಿತಿಗೆ ಬಹುಪಾಲು ಕಾರಣ ಇದೇ.

ಲಾಸ್ ಆಗಿ, ಕೇಂದ್ರಬಿಂದು ಹುಡುಕುವ ಸೆಂಟರ್‌ನೆಟ್ ಮಾಡೆಲ್ ಬಳಸುವ ಫೋಕಲ್ ಲಾಸ್ ತೆಗೆದುಕೊಳ್ಳುತ್ತೇವೆ. ಆಲ್ಫಾ 2, ಬೀಟಾ 4. ಅದರಲ್ಲಿ ಗುರಿಯ ಬೆಲೆ ಸರಿಯಾಗಿ 1 ಇರುವ ಪಿಕ್ಸೆಲ್ ಮಾತ್ರ ಧನಾತ್ಮಕ. ಉಳಿದವೆಲ್ಲ ಋಣಾತ್ಮಕ, ತುದಿಗೆ ಹತ್ತಿರವಿದ್ದವಕ್ಕೆ ದಂಡ ಕಡಿಮೆ. ಈಗ ಮೊದಲೇ ಹೀಟ್‌ಮ್ಯಾಪ್ ಬಿಡಿಸಿಟ್ಟು, ಚಿತ್ರದ ಜೊತೆ ಅದನ್ನೂ 1.07 ಪಟ್ಟು ಹಿಗ್ಗಿಸಿ ಅಥವಾ 13 ಡಿಗ್ರಿ ತಿರುಗಿಸಿ ಎಂದುಕೊಳ್ಳಿ. ನಡುವಿನ ಬೆಲೆಗಳನ್ನು ಲೆಕ್ಕ ಹಾಕುವಾಗ ತುದಿಯ 1 ಎಂಬುದು 0.98 ಆಗುತ್ತದೆ. ಕಣ್ಣಿಗೆ ಚಿತ್ರ ಹಾಗೇ ಇದೆ. ಆದರೆ ಲಾಸ್‌ನ ಲೆಕ್ಕದಲ್ಲಿ ಆ ತುಣುಕಿನಲ್ಲಿ ಒಂದೂ ಕೋಶವಿಲ್ಲ. ಮಾಡೆಲ್ ಎಲ್ಲೆಡೆ ಸೊನ್ನೆ ಹೇಳಲು ಕಲಿಯುತ್ತದೆ, ಲಾಸ್ ಚೆಂದವಾಗಿ ಇಳಿಯುತ್ತದೆ.

ಹೀಟ್‌ಮ್ಯಾಪ್ ಬದಲು ಬಿಂದುಗಳನ್ನು ಪರಿವರ್ತಿಸಿ, ದಿಬ್ಬಗಳನ್ನು ಆಮೇಲೆ ಬಿಡಿಸುವುದು ಇದಕ್ಕೆ ಪರಿಹಾರ. ಚಿತ್ರಗಳನ್ನು ಪರಿವರ್ತಿಸುವ ಆಲ್ಬುಮೆಂಟೇಷನ್ಸ್ ಲೈಬ್ರರಿಯಲ್ಲಿ ಕೀಪಾಯಿಂಟ್ ಆಗಿ ಬಿಂದುಗಳನ್ನು ಕೊಟ್ಟು, ಹೊರಬಂದ ಬಿಂದುವನ್ನು ಹತ್ತಿರದ ಪೂರ್ಣಾಂಕಕ್ಕೆ ತಂದು ಅಲ್ಲಿ 1 ಇಡಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಿದ್ಧ ಸೆಟ್ಟಿಂಗ್‌ನಲ್ಲಿ ಚೌಕಟ್ಟಿನ ಹೊರಗೆ ಬಿದ್ದ ಬಿಂದುಗಳನ್ನು ಅದು ಕಿತ್ತುಹಾಕುತ್ತದೆ. ಕೇಂದ್ರ ಅಂಚಿನಿಂದ 2 ಪಿಕ್ಸೆಲ್ ಆಚೆಗಿದ್ದರೂ ಅರ್ಧ ನ್ಯೂಕ್ಲಿಯಸ್ ಚೌಕಟ್ಟಿನೊಳಗೆ ಕಾಣುತ್ತಿರುತ್ತದೆ. ಗುರಿ ಚಿತ್ರ ಅಲ್ಲಿ ಸೊನ್ನೆ ಎನ್ನುತ್ತದೆ. ಕಾಣದ ಬಿಂದುಗಳನ್ನೂ ಉಳಿಸಿಕೊಳ್ಳುವ ಆಯ್ಕೆ ಹಾಕಿ, ದಿಬ್ಬ ಬಿಡಿಸುವಾಗ ಚೌಕಟ್ಟಿಗೆ ಕತ್ತರಿಸಿ. ಪರೀಕ್ಷೆ ಸುಲಭ: ಪ್ರತಿ ಬ್ಯಾಚ್‌ನಲ್ಲಿ (ಒಮ್ಮೆಗೆ ಕೊಡುವ ತುಣುಕುಗಳ ಗುಂಪಿನಲ್ಲಿ) ಚೌಕಟ್ಟಿನೊಳಗಿನ ಬಿಂದುಗಳ ಸಂಖ್ಯೆಯೂ ಗುರಿಯಲ್ಲಿ ಬೆಲೆ 1 ಇರುವ ಪಿಕ್ಸೆಲ್‌ಗಳ ಸಂಖ್ಯೆಯೂ ಸಮ ಇರಬೇಕು. ಈ ಒಂದು ಸಾಲಿನ ಅಸರ್ಟ್ ಅನ್ನು ಕೋಡ್‌ನಲ್ಲಿ ಕಾಯಂ ಬಿಡಿ.

ಮೊದಲ ಎಪೋಕ್ (ಡೇಟಾದ ಒಂದು ಪೂರ್ತಿ ಸುತ್ತು) ಹಾಳಾಗದಂತೆ ಕೊನೆಯ ಪದರದ ಬಯಾಸ್ ಅನ್ನು (ಅಲ್ಲಿ ಕೂಡಿಸುವ ಸಂಖ್ಯೆಯನ್ನು) ಮೈನಸ್ 4.6ಕ್ಕೆ ಇಡಿ. ಆಗ ಆರಂಭದ ಔಟ್‌ಪುಟ್ ಎಲ್ಲೆಡೆ ಸುಮಾರು 0.01. ಹಾಗೆ ಮಾಡದಿದ್ದರೆ ಅದು 0.5ರ ಆಸುಪಾಸು. 256×256ರ ಖಾಲಿ ತುಣುಕಿನಲ್ಲಿ 65,536 ಪಿಕ್ಸೆಲ್‌ಗಳಿಗೂ ತಲಾ 0.173 ಲಾಸ್ ಬಿದ್ದು ಮೊತ್ತ 11,000 ದಾಟುತ್ತದೆ; ಬಯಾಸ್ ಇಟ್ಟರೆ ಅದೇ ಮೊತ್ತ 0.07ರಷ್ಟು. ಮೊತ್ತವನ್ನು ಕೋಶಗಳ ಸಂಖ್ಯೆಯಿಂದ ಭಾಗಿಸುವಾಗ ಖಾಲಿ ತುಣುಕಿಗೆ ಸೊನ್ನೆಯಿಂದ ಭಾಗಾಕಾರ ಆಗದಂತೆ ಕನಿಷ್ಠ 1 ಇರಲಿ.

ಮಿಕ್ಸೆಡ್ ಪ್ರಿಸಿಷನ್ (16 ಮತ್ತು 32 ಬಿಟ್ ಬೆರೆಸಿದ ಲೆಕ್ಕ) ಹಾಕಿದಾಗ ಲಾಸ್ ಇದ್ದಕ್ಕಿದ್ದಂತೆ ಎನ್‌ಎಎನ್ (ಸಂಖ್ಯೆಯೇ ಅಲ್ಲದ್ದು) ಆದರೆ ಕಾರಣ ಇಲ್ಲಿದೆ. ಲಾಗರಿದಮ್ ಸಿಡಿಯದಂತೆ ಔಟ್‌ಪುಟ್ಟನ್ನು 0.0001 ಮತ್ತು 0.9999 ನಡುವೆ ಕಟ್ಟಿಹಾಕುವುದು ರೂಢಿ. 16 ಬಿಟ್ ಫ್ಲೋಟ್‌ನಲ್ಲಿ 1ಕ್ಕಿಂತ ಸ್ವಲ್ಪ ಕೆಳಗಿನ ಸಂಖ್ಯೆಗಳ ನಡುವಿನ ಅಂತರ ಸುಮಾರು 0.0005. ಹಾಗಾಗಿ 0.9999 ಎಂಬುದು ಅಲ್ಲಿ 1 ಆಗಿಬಿಡುತ್ತದೆ, 1ರಿಂದ ಅದನ್ನು ಕಳೆದರೆ ಸೊನ್ನೆ, ಸೊನ್ನೆಯ ಲಾಗರಿದಮ್ ಋಣ ಅನಂತ. ಕಟ್ಟು ಹಾಕಿದ್ದರೂ ಹಾಕದಂತೆಯೇ. ಮಾಡೆಲ್ 16 ಬಿಟ್‌ನಲ್ಲಿ ಓಡಲಿ, ಸಿಗ್ಮಾಯ್ಡ್ (ಔಟ್‌ಪುಟ್ಟನ್ನು 0 ಮತ್ತು 1ರ ನಡುವೆ ತರುವ ಲೆಕ್ಕ) ಮತ್ತು ಲಾಸ್ ಮಾತ್ರ 32 ಬಿಟ್‌ಗೆ ಬದಲಿಸಿ ಲೆಕ್ಕ ಹಾಕಿ.

ತರಬೇತಿ

256×256 ತುಣುಕು, ಬ್ಯಾಚ್ 16, ತೂಕಗಳನ್ನು ತಿದ್ದಲು ಆಡಮ್‌ಡಬ್ಲ್ಯು, ಡಿಕೋಡರ್‌ಗೆ (ಹೀಟ್‌ಮ್ಯಾಪ್ ಕಟ್ಟುವ ಭಾಗಕ್ಕೆ) ಲರ್ನಿಂಗ್ ರೇಟ್ 0.0003, ಎನ್‌ಕೋಡರ್‌ಗೆ 0.0001, ಕೊಸೈನ್ ಇಳಿಕೆ. 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಸಾಕು. ಅರ್ಧ ತುಣುಕುಗಳನ್ನು ಒಂದು ಕೋಶವನ್ನು ಹಿಡಿದು ಅದರ ಸುತ್ತ ಆರಿಸಿ, ಇನ್ನರ್ಧ ಮನಬಂದಂತೆ. ಹಿಡಿದ ಕೋಶವನ್ನು ಯಾವಾಗಲೂ ನಟ್ಟನಡುವೆ ಇಡಬೇಡಿ. ನಡುವೆ ಕೋಶವಿರುತ್ತದೆ ಎಂಬುದನ್ನೇ ಮಾಡೆಲ್ ಕಲಿತೀತು.

ಆಗ್ಮೆಂಟೇಷನ್‌ನಲ್ಲಿ (ತರಬೇತಿ ಚಿತ್ರಗಳನ್ನು ಬೇಕೆಂದೇ ಬದಲಿಸುವಲ್ಲಿ) ತಿರುಗಿಸುವುದು, ಮಗುಚುವುದು ಧಾರಾಳವಾಗಿ ಇರಲಿ. ಸ್ಲೈಡ್‌ಗೆ ಮೇಲು-ಕೆಳಗು ಇಲ್ಲ. ಹಿಗ್ಗಿಸುವುದು ಮಾತ್ರ 0.9ರಿಂದ 1.1ರೊಳಗೆ. ಸಾಮಾನ್ಯ ಫೋಟೋಗಳಲ್ಲಿ ಮಾಡುವಂತೆ ಅರ್ಧದಿಂದ ಎರಡು ಪಟ್ಟಿನವರೆಗೆ ಹೋದರೆ, ಲಿಂಫೋಸೈಟನ್ನು ಬೇರ್ಪಡಿಸುವ ಬಲವಾದ ಸುಳಿವಾದ ಗಾತ್ರವನ್ನೇ ನಾವು ಅಳಿಸಿದಂತೆ.

ಬಣ್ಣಕ್ಕೆ ಹೊಳಪು-ಕಾಂಟ್ರಾಸ್ಟ್ ಅಲುಗಾಡಿಸುವುದಕ್ಕಿಂತ, 2001ರಲ್ಲಿ ರೈಫ್ರಾಕ್ ಮತ್ತು ಜಾನ್‌ಸ್ಟನ್ ಕೊಟ್ಟ ಬಣ್ಣ ಬೇರ್ಪಡಿಸುವ ವಿಧಾನ ಹೆಚ್ಚು ಸಹಜ. ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಚಾನೆಲ್‌ಗಳನ್ನು ಪ್ರತ್ಯೇಕಿಸಿ, ಪ್ರತಿಯೊಂದನ್ನೂ ಶೇಕಡಾ 5ರಷ್ಟು ಹೆಚ್ಚು-ಕಡಿಮೆ ಮಾಡಿ, ಮತ್ತೆ ಕೂಡಿಸುವುದು. ಸೈಕಿಟ್-ಇಮೇಜ್ ಲೈಬ್ರರಿಯಲ್ಲಿ ಇದು ಸಿದ್ಧವಿದೆ. ನಿಜವಾದ ಲ್ಯಾಬ್‌ಗಳಲ್ಲಿ ಬಣ್ಣ ಬದಲಾಗುವುದೂ ಹೀಗೇ: ಒಂದು ಕಡೆ ಹೆಮಟಾಕ್ಸಿಲಿನ್‌ನಲ್ಲಿ ಹೆಚ್ಚು ಹೊತ್ತು, ಇನ್ನೊಂದು ಕಡೆ ಇಯೋಸಿನ್ ಹಳೆಯದು. ಹೆಮಟಾಕ್ಸಿಲಿನ್ ಕೆಂಪು-ನೇರಳೆಯಿಂದ ನೀಲಿಗೆ ತಿರುಗುವುದು ಕ್ಷಾರೀಯ ನೀರಿನಲ್ಲಿ. ಎಷ್ಟೋ ಲ್ಯಾಬ್‌ಗಳು ನಲ್ಲಿ ನೀರನ್ನೇ ಬಳಸುತ್ತವೆ, ಹಾಗಾಗಿ ಊರಿನ ನೀರಿನ ಗುಣವೂ ಸ್ಲೈಡ್‌ನ ನೀಲಿಯಲ್ಲಿ ಬೆರೆತಿರುತ್ತದೆ. ಈ ತರಬೇತಿ ಡೇಟಾದಲ್ಲಿ ನಮ್ಮ ಕಡೆಯ ಲ್ಯಾಬ್ ಒಂದೂ ಇಲ್ಲ. ಬೆಂಗಳೂರು, ಹುಬ್ಬಳ್ಳಿ ಅಥವಾ ಮಣಿಪಾಲದ ಸ್ಲೈಡ್ ಮೇಲೆ ಓಡಿಸುವವರು ಮೊದಲು ಅಲ್ಲಿನ ಹತ್ತಿಪ್ಪತ್ತು ಸಣ್ಣ ತುಣುಕುಗಳನ್ನು ಪೆಥಾಲಜಿಸ್ಟರಿಂದ ಗುರುತು ಮಾಡಿಸಿ ಅಂಕ ನೋಡಿಕೊಳ್ಳಲೇಬೇಕು.

ಅಂಕ ಹಾಕುವುದು

ಔಟ್‌ಪುಟ್ಟನ್ನು 32 ಬಿಟ್‌ಗೆ ತಂದು, ಸಿಗ್ಮಾ 1ರ ಗಾಸಿಯನ್‌ನಿಂದ ತುಸು ನಯಗೊಳಿಸಿ, ಸ್ಥಳೀಯ ಶಿಖರಗಳನ್ನು ಹುಡುಕಿ. ನಯಗೊಳಿಸದಿದ್ದರೆ 16 ಬಿಟ್‌ನ ಸಮಬೆಲೆಯ ಚಪ್ಪಟೆ ಶಿಖರಕ್ಕೆ ಎರಡು ಮೂರು ಬಿಂದುಗಳು ಬರಬಹುದು. ಸೈಕಿಟ್-ಇಮೇಜ್‌ನ ಪೀಕ್-ಲೋಕಲ್-ಮ್ಯಾಕ್ಸ್‌ನಲ್ಲಿ ಕನಿಷ್ಠ ದೂರ 4 ಪಿಕ್ಸೆಲ್ ಇಡಿ, ಮತ್ತು ಅಂಚನ್ನು ಬಿಡುವ ಆಯ್ಕೆಯನ್ನು ನಿಲ್ಲಿಸಿ. ಸಿದ್ಧ ಸೆಟ್ಟಿಂಗ್‌ನಲ್ಲಿ ಅದು ಚಾಲೂ ಇರುತ್ತದೆ, ತುಣುಕಿನ ಅಂಚಿನ ಕೋಶಗಳೆಲ್ಲ ಕಾಣೆಯಾಗುತ್ತವೆ.

ಟೈಗರ್‌ನಲ್ಲಿ ಪತ್ತೆಯಾದ ಬಿಂದು ನಿಜವಾದ ಕೇಂದ್ರದಿಂದ 4 ಮೈಕ್ರಾನ್ ಒಳಗಿದ್ದರೆ ಸರಿ, ಅಂದರೆ 8 ಪಿಕ್ಸೆಲ್. ವಿಶ್ವಾಸ ಹೆಚ್ಚಿರುವ ಬಿಂದುವಿನಿಂದ ಶುರುಮಾಡಿ ಜೋಡಿ ಹಾಕಿ. ಒಂದು ನಿಜ ಕೋಶಕ್ಕೆ ಒಂದೇ ಬಿಂದು, ಎರಡನೆಯದು ತಪ್ಪು ಪತ್ತೆಯ ಲೆಕ್ಕಕ್ಕೆ. ಆಮೇಲೆ ಚದರ ಮಿಲಿಮೀಟರ್‌ಗೆ 10, 20, 50, 100, 200, 300 ತಪ್ಪು ಪತ್ತೆಗಳಿರುವ ಆರು ಜಾಗಗಳಲ್ಲಿ ಎಷ್ಟು ಪಾಲು ಕೋಶಗಳು ಸಿಕ್ಕವು ಎಂದು ನೋಡಿ ಸರಾಸರಿ ತೆಗೆಯುವುದು.

ಈ ಸಂಖ್ಯೆಗಳು ಎಷ್ಟು ಬಿಗಿ ಎಂಬುದು ವಿಸ್ತೀರ್ಣದ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. 256×256 ತುಣುಕು 128×128 ಮೈಕ್ರಾನ್, 0.0164 ಚದರ ಮಿಲಿಮೀಟರ್. ಪ್ರತಿ ತುಣುಕಿಗೆ ಒಂದೇ ಒಂದು ತಪ್ಪು ಇದ್ದರೂ ಅದು ಚದರ ಮಿಲಿಮೀಟರ್‌ಗೆ 61. ಅಂದರೆ 10 ತಪ್ಪುಗಳ ಜಾಗ ಎಂದರೆ ಆರು ತುಣುಕುಗಳಿಗೆ ಒಂದು ತಪ್ಪು. ಎಲ್ಲ ತುಣುಕುಗಳ ತಪ್ಪುಗಳನ್ನು ಕೂಡಿಸಿ ಒಟ್ಟು ವಿಸ್ತೀರ್ಣದಿಂದ ಭಾಗಿಸಿ. ತುಣುಕುವಾರು ಸರಾಸರಿ ತೆಗೆದರೆ ಸಣ್ಣ ತುಣುಕುಗಳ ತೂಕ ಅತಿಯಾಗುತ್ತದೆ.

ತಪ್ಪುಗಳನ್ನು ಕಣ್ಣಿಂದ ನೋಡುವುದು

ಅಂಕ ಬಂದ ಮೇಲೆ ತಪ್ಪು ಪತ್ತೆಗಳನ್ನು 64×64 ಪಿಕ್ಸೆಲ್ ಚೌಕಗಳಾಗಿ ಕತ್ತರಿಸಿ, ವಿಶ್ವಾಸದ ಇಳಿಕೆಯ ಕ್ರಮದಲ್ಲಿ ಒಂದೇ ಹಾಳೆಯಲ್ಲಿ ಜೋಡಿಸಿ. ಯಾವ ಹೊಸ ಮಾಡೆಲ್‌ಗಿಂತಲೂ ಹೆಚ್ಚು ಕಲಿಸುವುದು ಈ ಹಾಳೆ. ಸಾಯುತ್ತಿರುವ ಗೆಡ್ಡೆ ಕೋಶದ ನ್ಯೂಕ್ಲಿಯಸ್ ಕುಗ್ಗಿ ಕಪ್ಪಗಾಗಿ ಲಿಂಫೋಸೈಟ್‌ನಂತೆ ಕಾಣುತ್ತದೆ. ಸುತ್ತಲಿನ ಕಡುಗುಲಾಬಿ ಸೈಟೋಪ್ಲಾಸಂ ಮತ್ತು ಬಿಳಿ ವರ್ತುಲ ಅದನ್ನು ಬಿಟ್ಟುಕೊಡುತ್ತವೆ. ಫೈಬ್ರೋಬ್ಲಾಸ್ಟ್ ಅಥವಾ ರಕ್ತನಾಳದ ಒಳಪದರದ ಉದ್ದನೆಯ ನ್ಯೂಕ್ಲಿಯಸ್ ಅಡ್ಡಡ್ಡ ಕತ್ತರಿಸಿದಾಗ ದುಂಡಗೆ ಬರುತ್ತದೆ. ಲೋಬ್ಯುಲರ್ ಕಾರ್ಸಿನೋಮಾ ಎಂಬ ಬಗೆಯ ಸ್ತನ ಕ್ಯಾನ್ಸರ್‌ನಲ್ಲಿ ಗೆಡ್ಡೆಯ ಕೋಶಗಳೇ ಸಣ್ಣವು, ಸಾಲಾಗಿ ಸ್ಟ್ರೋಮಾದೊಳಗೆ ನುಗ್ಗಿರುತ್ತವೆ. ಇಲ್ಲಿ ಮನುಷ್ಯರಿಗೂ ಅನುಮಾನ ಬರುತ್ತದೆ. ಬಯಾಪ್ಸಿ ಇಕ್ಕಳದಲ್ಲಿ ಹಿಸುಕಿದ ಕೋಶಗಳು ನೀಲಿ ಗೆರೆಗಳಾಗಿ ಹರಡಿರುತ್ತವೆ. ಅಲ್ಲಿ ಎಣಿಸದಿರುವುದೇ ಸರಿ.

ಆದರೆ ಹಾಳೆಯ ಮೇಲಿನ ಸಾಲುಗಳಲ್ಲಿ ಕೆಲವು ತಪ್ಪುಗಳೇ ಅಲ್ಲ, ಗುರುತು ಹಾಕುವವರು ಬಿಟ್ಟ ನಿಜವಾದ ಲಿಂಫೋಸೈಟ್‌ಗಳು. ಹಾಗಾಗಿ ತಪ್ಪು ಪತ್ತೆಗಳನ್ನೆಲ್ಲ ಕಣ್ಣುಮುಚ್ಚಿ ಋಣಾತ್ಮಕ ಉದಾಹರಣೆಗಳಾಗಿ ಮತ್ತೆ ತುಂಬಬೇಡಿ; ಮಾಡೆಲ್‌ಗೆ ಸರಿಯಾದದ್ದನ್ನು ಮರೆಸಿದಂತಾಗುತ್ತದೆ. ಪೆಥಾಲಜಿಸ್ಟರ ಜೊತೆ ಕೂತು ಬೇರ್ಪಡಿಸಿ. ತೀರ್ಮಾನವಾಗದಿದ್ದರೆ ಕೋಶದ ಬಗೆ ಹೇಳುವ ಪ್ರೋಟೀನ್‌ಗೆ ಅಂಟುವ ಇಮ್ಯುನೋ ಬಣ್ಣ ಸಹಾಯಕ್ಕೆ ಬರುತ್ತದೆ: ಟಿ ಕೋಶಕ್ಕೆ ಸಿಡಿ3, ಬಿ ಕೋಶಕ್ಕೆ ಸಿಡಿ20, ಪ್ಲಾಸ್ಮಾ ಕೋಶಕ್ಕೆ ಸಿಡಿ138. ಸ್ತನದ ಗೆಡ್ಡೆಯಲ್ಲಿ ಸಿಡಿ138 ಬಗ್ಗೆ ಎಚ್ಚರ ಬೇಕು, ಎಪಿಥೀಲಿಯಲ್ ಕೋಶಗಳೂ ಅದಕ್ಕೆ ಬಣ್ಣ ಹಿಡಿಯುತ್ತವೆ. ಪಕ್ಕದ ಸೆಕ್ಷನ್‌ಗಿಂತ ಅದೇ ಸ್ಲೈಡ್‌ನ ಬಣ್ಣ ತೆಗೆದು ಮತ್ತೆ ಬಣ್ಣ ಹಾಕಿದರೆ ಕೋಶಕ್ಕೆ ಕೋಶ ಹೊಂದುತ್ತದೆ. 7 ಮೈಕ್ರಾನ್‌ನ ನ್ಯೂಕ್ಲಿಯಸ್ ಪಕ್ಕದ ಸೆಕ್ಷನ್‌ನಲ್ಲಿ ಇದ್ದೇ ಇರುತ್ತದೆ ಎಂಬ ಭರವಸೆ ಇಲ್ಲ.

ಇಡೀ ಸ್ಲೈಡ್

1024ರ ಟೈಲ್ ಓದಿ, ಎಲ್ಲ ಬದಿಯಲ್ಲೂ 128 ಪಿಕ್ಸೆಲ್ ಬಿಟ್ಟು, ನಡುವಿನ 768ರೊಳಗೆ ಶಿಖರವಿರುವ ಬಿಂದುಗಳನ್ನು ಮಾತ್ರ ಇಟ್ಟುಕೊಳ್ಳಿ. ಗಡಿಯ ಎರಡೂ ಕಡೆ ಒಂದೇ ಕೋಶ ಬಾರದಂತೆ ಎಡ-ಮೇಲಿನ ಗಡಿಯನ್ನು ಒಳಗೆ, ಬಲ-ಕೆಳಗಿನ ಗಡಿಯನ್ನು ಹೊರಗೆ ಎಂದು ಲೆಕ್ಕ ಹಿಡಿಯಿರಿ. ಕೊನೆಗೆ ಎಲ್ಲ ಬಿಂದುಗಳ ಮೇಲೆ 4 ಪಿಕ್ಸೆಲ್‌ನ ದೂರ ಪರೀಕ್ಷೆ ಒಮ್ಮೆ. 100 ಚದರ ಮಿಲಿಮೀಟರ್ ಅಂಗಾಂಶವೆಂದರೆ ಈ ಅಳತೆಯಲ್ಲಿ 40 ಕೋಟಿ ಪಿಕ್ಸೆಲ್, ಸುಮಾರು 680 ಟೈಲ್‌ಗಳು. ಅಂಗಾಂಶದ ಅಂಚಿನ ಅರೆಖಾಲಿ ಟೈಲ್‌ಗಳು ಸೇರಿದರೆ ಇನ್ನೂ ಹೆಚ್ಚು. ಹೊತ್ತು ಹಿಡಿಯುವುದು ಮಾಡೆಲ್ ಅಲ್ಲ, ಜೆಪೆಗ್ ಬಿಡಿಸಿ ಓದುವ ಕೆಲಸ. ಡೇಟಾಲೋಡರ್‌ನ ವರ್ಕರ್‌ಗಳನ್ನು ಹೆಚ್ಚಿಸಿ. ಆದರೆ ಓಪನ್‌ಸ್ಲೈಡ್ ಹ್ಯಾಂಡಲ್ ಅನ್ನು ಪ್ರತಿ ವರ್ಕರ್ ತನ್ನೊಳಗೇ ತೆರೆಯಬೇಕು. ಮುಖ್ಯ ಪ್ರಕ್ರಿಯೆಯಲ್ಲಿ ತೆರೆದದ್ದನ್ನು ಹಂಚಿಕೊಂಡರೆ ಕ್ರ್ಯಾಶ್ ಆಗಬಹುದು, ಇಲ್ಲವೇ ಕೆಟ್ಟ ಟೈಲ್ ಬರಬಹುದು.

ಬಿಂದುಗಳ ಎಣಿಕೆಯನ್ನು ನೇರವಾಗಿ ಪೆಥಾಲಜಿಸ್ಟರ ಶೇಕಡಾವಾರಿಗೆ ಹೋಲಿಸುವಂತಿಲ್ಲ. ಅವರು ಬರೆಯುವುದು ಸ್ಟ್ರೋಮಾದ ಎಷ್ಟು ಭಾಗ ಜಾಗವನ್ನು ಲಿಂಫೋಸೈಟ್, ಪ್ಲಾಸ್ಮಾ ಕೋಶಗಳು ತುಂಬಿವೆ ಎಂಬುದನ್ನು. ಗೆಡ್ಡೆಯ ಹೊರಗಿನದು, ಸತ್ತ ಅಂಗಾಂಶದ್ದು, ಹಾಲಿನ ನಾಳದೊಳಗೇ ಉಳಿದ ಕ್ಯಾನ್ಸರ್ ಸುತ್ತಲಿನದು ಲೆಕ್ಕಕ್ಕಿಲ್ಲ; ನ್ಯೂಟ್ರೋಫಿಲ್‌ಗಳೂ ಇಲ್ಲ. ಆದ್ದರಿಂದ ಅಂಗಾಂಶ ವಿಂಗಡಿಸುವ ಎರಡನೇ ಮಾಡೆಲ್ ಬೇಕು. ಟೈಗರ್ ಡೇಟಾದಲ್ಲಿ ಅದರ ಗುರುತುಗಳೂ ಇವೆ. ಒಂದು ಕೋಶ 8 ಮೈಕ್ರಾನ್ ವ್ಯಾಸದ ವೃತ್ತ ಎಂದರೆ ಸುಮಾರು 50 ಚದರ ಮೈಕ್ರಾನ್. 1 ಚದರ ಮಿಲಿಮೀಟರ್ ಸ್ಟ್ರೋಮಾದಲ್ಲಿ 4,000 ಬಿಂದುಗಳಿದ್ದರೆ 2,00,000 ಚದರ ಮೈಕ್ರಾನ್, ಅಂದರೆ ಶೇಕಡಾ 20. ಸ್ಟ್ರೋಮಾ ತೀರಾ ಕಡಿಮೆ ಇರುವ ಬಯಾಪ್ಸಿಯಲ್ಲಿ ಛೇದ ಸಣ್ಣದಾಗಿ ಈ ಸಂಖ್ಯೆ ಹುಚ್ಚಾಪಟ್ಟೆ ಏರಿಳಿಯುತ್ತದೆ. ಸ್ಟ್ರೋಮಾದ ವಿಸ್ತೀರ್ಣವನ್ನು ಯಾವಾಗಲೂ ಪಕ್ಕದಲ್ಲೇ ಬರೆಯಿರಿ. ಇದು ಸಂಶೋಧನೆಗೆ; ರೋಗಿಯ ವರದಿಗೆ ಹೋಗುವ ಸಂಖ್ಯೆಯಲ್ಲ.

ಫಲಿತಾಂಶವನ್ನು ಸ್ಲೈಡ್ ನೋಡುವ ಕ್ಯೂಪಾತ್ ತಂತ್ರಾಂಶದಲ್ಲಿ ತೆರೆದು ನೋಡಲು ಜಿಯೋಜೇಸನ್ ಫೈಲ್ ಆಗಿ ಬರೆಯಿರಿ. ಅಲ್ಲಿ ಬೇಕಾಗುವುದು 0ನೇ ಹಂತದ ಪಿಕ್ಸೆಲ್. ಹಾಗಾಗಿ ನಮ್ಮ ಬಿಂದುವನ್ನು 0.5ರಿಂದ ಗುಣಿಸಿ ಸ್ಲೈಡ್‌ನ ನಿಜ ಅಳತೆಯಿಂದ ಭಾಗಿಸಬೇಕು. 0.25 ಎಂದುಕೊಂಡು ಎರಡರಿಂದ ಗುಣಿಸಿ ಮುಗಿಸಬೇಡಿ: ಅಳತೆ 0.2525 ಇದ್ದ ಸ್ಲೈಡ್‌ನಲ್ಲಿ ಶೇಕಡಾ 1ರ ಆ ವ್ಯತ್ಯಾಸ 50,000ನೇ ಪಿಕ್ಸೆಲ್ ಹೊತ್ತಿಗೆ 500 ಪಿಕ್ಸೆಲ್ ಆಗಿರುತ್ತದೆ. ಬಿಂದುಗಳನ್ನು ಅನೊಟೇಷನ್ ಆಗಿ ಅಲ್ಲ, ಡಿಟೆಕ್ಷನ್ ಆಗಿ ಕೊಡಿ. ಲಕ್ಷ ಅನೊಟೇಷನ್‌ಗಳಿಗೆ ಕ್ಯೂಪಾತ್ ತೆವಳುತ್ತದೆ, ಡಿಟೆಕ್ಷನ್‌ಗಳು ಹಗುರ. ಎಂಆರ್‌ಎಕ್ಸ್‌ಎಸ್ ಎಂಬ ಬಗೆಯ ಸ್ಲೈಡ್ ಫೈಲ್‌ಗಳಲ್ಲಿ ಎಲ್ಲ ಬಿಂದುಗಳೂ ಒಟ್ಟಾಗಿ ಒಂದು ಕಡೆಗೆ ಸರಿದಿದ್ದರೆ ಗಾಬರಿ ಬೇಡ: ಕ್ಯೂಪಾತ್ ಸ್ಕ್ಯಾನ್ ಆದ ಭಾಗಕ್ಕೆ ಮಾತ್ರ ಚಿತ್ರವನ್ನು ಕತ್ತರಿಸಿ ತೋರಿಸುತ್ತದೆ. ಓಪನ್‌ಸ್ಲೈಡ್ ಕೊಡುವ ಬೌಂಡ್ಸ್-ಎಕ್ಸ್ ಮತ್ತು ಬೌಂಡ್ಸ್-ವೈ ಬೆಲೆಗಳನ್ನು ಪ್ರತಿ ಬಿಂದುವಿನಿಂದ ಕಳೆದರೆ ಅವು ನ್ಯೂಕ್ಲಿಯಸ್‌ಗಳ ಮೇಲೆ ಬಂದು ಕೂರುತ್ತವೆ.